ಲ್ಯಾಪ್‌ಟಾಪ್ ಬಿಚ್ಚುವ ಮೊದಲು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಾಗಿತ್ತು, ನಡುವೆ ಸೀಳಿತ್ತು. ಸೀಳಿನೊಳಗೆ ಎಷ್ಟು ತೊಳೆದರೂ ಹೋಗದ ಒಂದು ಕಪ್ಪು ಗೆರೆ. ಲ್ಯಾಪ್‌ಟಾಪಿನ ತಳದ ಸ್ಕ್ರೂಗಳನ್ನೆಲ್ಲ ತೆಗೆದ ಮೇಲೆ ಆ ಉಗುರನ್ನು ಅಂಚಿನ ಸಂದಿಗೆ ತೂರಿಸಿ ಸುತ್ತ ಒಮ್ಮೆ ಎಳೆದರೆ ಟಕ್ ಟಕ್ ಎಂದು ಕೊಂಡಿಗಳು ಬಿಟ್ಟುಕೊಳ್ಳುತ್ತಿದ್ದವು. ಆ ಕೆಲಸಕ್ಕೆಂದೇ ಪ್ಲಾಸ್ಟಿಕ್ಕಿನ ಚಿಕ್ಕ ಪಟ್ಟಿ ಸಿಗುತ್ತದೆ. ಅವರ ಮೇಜಿನ ಮೇಲೂ ಒಂದು ಬಿದ್ದಿತ್ತು. ಅದನ್ನು ಬಳಸಬಾರದೇ ಎಂದರೆ, "ಅದಕ್ಕ ನೋವು ಗೊತ್ತಾಗಂಗಿಲ್ಲ. ಬಿಗಿ ಇದ್ದಲ್ಲೂ ಒತ್ತಿ ಮುರಿದು ಬಿಡ್ತೈತಿ," ಎನ್ನುತ್ತಿದ್ದರು.

ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ಹಳೆಯ ಲ್ಯಾಪ್‌ಟಾಪ್ ಮಾರುವ, ಕೆಟ್ಟದ್ದನ್ನು ಸರಿ ಮಾಡುವ ಅಂಗಡಿ. ಐವತ್ತೈದರ ಆಸುಪಾಸು, ಹಣೆಯಲ್ಲಿ ತೆಳ್ಳಗೆ ಎಳೆದ ಕೆಂಪು ನಾಮ, ಕೊರಳಿಗೆ ದಾರದಲ್ಲಿ ತೂಗುಬಿಟ್ಟ ಕನ್ನಡಕ. ನಾವು ಮನೆಯಲ್ಲಿ ಅವರನ್ನು ಅಂಗಡಿಯವರು ಎಂದೇ ಕರೆಯುತ್ತಿದ್ದೆವು. ಆಮೇಲೆ ನಮ್ಮ ಮನೆಯಲ್ಲಿ ಅವರಿಗೆ ಬೇರೆ ಹೆಸರುಗಳು ಬಂದವು. ಅವನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ತಂಗಿಗೆ ಬಳ್ಳಾರಿಯಲ್ಲಿ ಭೂಗರ್ಭಶಾಸ್ತ್ರದ ಎಂ.ಎಸ್ಸಿ. ಸೀಟು ಸಿಕ್ಕ ವರ್ಷ ಅಪ್ಪ, ತಂಗಿ, ನಾನು ಮೂವರೂ ಬಂಡ್ರಿಯಿಂದ ಬಸ್ಸು ಹತ್ತಿ ಲ್ಯಾಪ್‌ಟಾಪ್ ಕೊಳ್ಳಲು ಬಂದೆವು. ಅಪ್ಪ ಸಂಡೂರಿನ ಹತ್ತಿರ ಅದಿರು ಲಾರಿ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ದೊಡ್ಡ ಮೇಸ್ತ್ರಿ. ನಾನೂ ಅಲ್ಲೇ, ಬಿಡಿಭಾಗ ತಂದುಕೊಡುವ ಕೆಲಸ ನನ್ನದು. ದೊಡ್ಡ ರಸ್ತೆಯ ಶೋರೂಮಿನಲ್ಲಿ ಬೆಳ್ಳಿ ಬಣ್ಣದ, ಕೀಬೋರ್ಡಿನ ಅಡಿಯಿಂದ ಬಣ್ಣಬಣ್ಣದ ಬೆಳಕು ಬರುವ ಒಂದನ್ನು ನೋಡಿ ಅಪ್ಪ ಮನಸ್ಸು ಕೊಟ್ಟಿದ್ದರು. ಅದು ನಮ್ಮ ಕೈಗೆ ಎಟುಕುವುದಾಗಿರಲಿಲ್ಲ. ಅಂಥದ್ದೇ ಹಳೆಯದು ಸಿಕ್ಕೀತೇನೋ ಎಂದು ಈ ಓಣಿಗೆ ಬಂದದ್ದು.

"ಕೀಬೋರ್ಡಿಗೆ ಲೈಟು?" ಅಂಗಡಿಯವರು ಕನ್ನಡಕ ಏರಿಸಿ ಅಪ್ಪನನ್ನು ನೋಡಿದರು. "ಯಜಮಾನ್ರೇ, ಮಗಳನ್ನ ಓದಾಕ ಕಳಸ್ತೀರೋ, ಆರ್ಕೆಸ್ಟ್ರಾಕ್ಕ ಕಳಸ್ತೀರೋ?"

ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ನಕ್ಕರು. ಅಪ್ಪ ನಗಲಿಲ್ಲ. ತಂಗಿ ಮೆಲ್ಲಗೆ, "ಬಿಳೀದು ಯಾವ್ದೂ ಇಲ್ಲೇನ್ರಿ?" ಎಂದಳು.

"ಹಾಸ್ಟೆಲಿಗೆ ಹೋಗೋದು ಕುರೂಪಿ ಇರ್ಬೇಕು ತಂಗಿ. ಯಾರೂ ಕದಿಯಂಗಿಲ್ಲ, ಯಾರೂ ಎರವಲು ಕೇಳಂಗಿಲ್ಲ. ಚಂದ ಇರೋದನ್ನ ಕಾಯ್ಕೋಂತ ಕುಂತ್ರ ಓದೋದು ಯಾವಾಗ?"

ಮೂರು ಲ್ಯಾಪ್‌ಟಾಪ್‌ಗಳನ್ನು ಮೇಜಿನ ಮೇಲಿಟ್ಟರು. ಮೊದಲನೆಯದನ್ನು ಒಂದು ಮೂಲೆ ಹಿಡಿದು ಎತ್ತಿದರು. ಮೈ ಸಣ್ಣಗೆ ತಿರುಚಿ ಕಿರ್ ಎಂದಿತು. ಪಕ್ಕಕ್ಕಿಟ್ಟರು. ಎರಡನೆಯದರ ಮುಚ್ಚಳವನ್ನು ಅರ್ಧ ತೆರೆದು ಕೈಬಿಟ್ಟರು. ಅದು ನಿಲ್ಲದೆ ಬಿದ್ದುಕೊಂಡಿತು. "ಕೀಲು ಸತ್ತೈತಿ. ಲ್ಯಾಪ್‌ಟಾಪ್ ಸಾಯೋದ ಕೀಲಿನಿಂದ. ಮಂದಿ ಒಳಗಿಂದು ಕೇಳ್ತಾರ, ಕೀಲು ಕೇಳಂಗಿಲ್ಲ." ಮೂರನೆಯದು ದಪ್ಪ, ಕರಿ, ಯಾವುದೋ ಆಫೀಸಿನಿಂದ ನಿವೃತ್ತಿಯಾಗಿ ಬಂದದ್ದು. ಕೀಬೋರ್ಡಿನ ಕೆಲವು ಗುಂಡಿಗಳ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಅದನ್ನು ಚಾಲೂ ಮಾಡಿ, ಬಗ್ಗಿ, ಕಿವಿಯನ್ನು ಅದರ ಮೇಲಿಟ್ಟು ಫ್ಯಾನಿನ ಸದ್ದು ಕೇಳಿದರು. ಎಷ್ಟು ಹೊತ್ತು ಕೇಳಿದರೆಂದರೆ ಬೆಂಚಿನ ಮೇಲಿನವರೂ ಮಾತು ನಿಲ್ಲಿಸಿದರು. ಆಮೇಲೆ ಆರಿಸಿ, ಬಿಚ್ಚಿ, ಒಳಗಿನ ಧೂಳನ್ನು ಬ್ರಷ್ಷಿನಿಂದ ಹಳೆಯ ಪೇಪರಿನ ಮೇಲೆ ಉದುರಿಸಿದರು.

"ಬೂದಿ ಬಣ್ಣ. ಏಸಿ ರೂಮಿನಾಗ ಇದ್ದದ್ದು. ಕಂಪ್ಲಿ ಗಿರಣಿ ಕಡೇದಾದ್ರ ಹೊಟ್ಟು ಬೀಳ್ತೈತಿ. ನಿಮ್ಮ ಸಂಡೂರು ಕಡೇದಾದ್ರ ಕೆಂಪು. ಕೆಂಪು ಬಿತ್ತಂದ್ರ ನಾ ಕೊಳ್ಳಂಗಿಲ್ಲ, ಮಾರಂಗಿಲ್ಲ. ಅದು ಧೂಳಲ್ಲ, ಅದಿರು." ತಂಗಿ ನಕಾಶೆ ಬಿಡಿಸುವ ಕೆಲಸ ಇರುತ್ತದೆ ಎಂದದ್ದಕ್ಕೆ ಒಳಗೆ ಇನ್ನೊಂದು ರ‍್ಯಾಮ್ ಕೂರಿಸಿದರು. ಮುಚ್ಚುವ ಮೊದಲು ಅಪ್ಪನ ಕಡೆ ತಿರುಗಿ, "ಊರಿಗೆ ತಂದಾಗ ಇದಕ್ಕ ಯಾರೂ ಗಾಳಿ ಹೊಡೀಬ್ಯಾಡ್ರಿ. ಬ್ರಷ್ ಸಾಕು. ಇಲ್ಲಾಂದ್ರ ನನ್ನ ಕಡೆ ತರ್ರಿ," ಎಂದರು. ಅಪ್ಪ ತಲೆಯಾಡಿಸಿದರು. ಅವರು ತಲೆಯಾಡಿಸಿದ್ದನ್ನು ನಾನು ನೋಡಿದೆ.

ಗ್ಯಾರೇಜಿನ ಸಾಮಾನಿಗಾಗಿ ನಾನು ಪ್ರತಿ ಗುರುವಾರ ಹೊಸಪೇಟೆಗೆ ಬರುತ್ತಿದ್ದೆ. ತಿರುಗಿ ಹೋಗುವ ಗಾಡಿ ಬರುವವರೆಗೆ ಎರಡು ತಾಸು ಅವರ ಅಂಗಡಿಯ ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. "ಬಂದೇನಪಾ, ಕುಂದ್ರು. ಬಾಯಿ ಮುಚ್ಕೊಂಡು ಕುಂತ್ರ ಚಾ ಐತಿ," ಎನ್ನುತ್ತಿದ್ದರು. ಫ್ಯಾನಿನ ಬೇರಿಂಗ್ ಸವೆದದ್ದನ್ನು ಕಿವಿಯಿಂದ ಗುರುತಿಸುವುದನ್ನು ನನಗೆ ಕಲಿಸಿದರು. ಅಲ್ಲಿ ಕುಳಿತೇ ಅವರ ಪದ್ಧತಿ ಏನೆಂದು ತಿಳಿದದ್ದು.

ಕೆಟ್ಟ ಲ್ಯಾಪ್‌ಟಾಪ್ ತಂದವರನ್ನು ಉಳಿದ ಅಂಗಡಿಗಳಲ್ಲಿ "ಏನಾಗೈತಿ?" ಎಂದು ಕೇಳುತ್ತಾರೆ. ಇವರು "ಏನು ಮಾಡಿದ್ರಿ?" ಎಂದು ಕೇಳುತ್ತಿದ್ದರು. ಹೇಳಿದ್ದು ನಿಜವೆನ್ನಿಸದಿದ್ದರೆ ರಿಪೇರಿ ಇಲ್ಲ. "ಮೊದ್ಲು ಖರೇ, ಆಮ್ಯಾಲೆ ಸ್ಕ್ರೂ."

ಹಂಪಿ ಕಡೆಯ ಒಬ್ಬ ಅರ್ಚಕರು ಬಂದಿದ್ದರು. "ಸ್ವಲ್ಪ ತೀರ್ಥ ಬಿತ್ತು," ಎಂದರು.

"ಎಷ್ಟು?"

"ಒಂದು ಉದ್ಧರಣೆ."

ಅಂಗಡಿಯವರು ಲ್ಯಾಪ್‌ಟಾಪನ್ನು ಓರೆ ಮಾಡಿದರು. ಮೇಜಿನ ಮೇಲೆ ನೀರು ಹರಿಯಿತು. "ಸ್ವಾಮೇರ, ದೇವ್ರು ಬ್ಯಾರೆ ಕಡೆ ಹೆಚ್ಚು ಮಾಡಿ ಕೊಡ್ತಾನಂತ ಕೇಳೀನಿ. ಇದ್ರಾಗೂ ಮಾಡ್ಯಾನೇನು?"

ಅರ್ಚಕರೂ ನಕ್ಕುಬಿಟ್ಟರು. "ಅಭಿಷೇಕದ ಚೊಂಬು ಉರುಳ್ತಪಾ. ಮೊಮ್ಮಗ ಅದ್ರಾಗ ಕ್ರಿಕೆಟ್ ಹಚ್ಚಿದ್ದ, ನಾನೂ ನೋಡ್ತಿದ್ದೆ." ಆಗ ಸ್ಕ್ರೂಡ್ರೈವರ್ ಕೈಗೆ ಬಂತು.

ಎಲ್ಲ ಸಲವೂ ಹೀಗೆ ನಗುವಿನಲ್ಲಿ ಮುಗಿಯುತ್ತಿರಲಿಲ್ಲ. ಒಂದು ಗುರುವಾರ ಶಾಲೆಯ ಟೀಚರರೊಬ್ಬರು ಗಂಡನ ಜೊತೆ ಬಂದರು. ಪರದೆ ನಡುವೆ ಒಡೆದಿತ್ತು. "ಕೈ ಜಾರಿ ಬಿತ್ತು," ಎಂದರು ಆಕೆ. ಅಂಗಡಿಯವರು ಒಡೆದ ಜಾಗ ನೋಡಿ, "ಬಿದ್ರ ಮೂಲಿ ಒಡೀತೈತಿ. ಏನು ಮಾಡಿದ್ರಿ?" ಎಂದು ಮತ್ತೆ ಕೇಳಿದರು. ಗಂಡ, "ರಿಪೇರಿ ಮಾಡಾಕ ಇಷ್ಟು ಯಾಕ್ರಿ?" ಎಂದ. ಅಂಗಡಿಯವರು ಅವನ ಕಡೆ ನೋಡಲೇ ಇಲ್ಲ. ಆಕೆಯನ್ನೇ ನೋಡುತ್ತ ಕಾದರು. ಆಕೆಯ ಪಾಠದ ಟಿಪ್ಪಣಿಗಳೆಲ್ಲ ಅದರಲ್ಲಿದ್ದವು. ಕೊನೆಗೆ ಆಕೆ, "ಇವ್ರು ಗ್ವಾಡಿಗೆ ಎಸೆದ್ರು," ಎಂದರು. ಗಂಡ ಎದ್ದು ಹೊರಟುಹೋದ. ಅಂಗಡಿಯವರು ಒಂದೂವರೆ ತಾಸಿನಲ್ಲಿ ಹೊಸ ಪರದೆ ಹಾಕಿ ಕೊಟ್ಟರು. ಆಕೆ ಒಬ್ಬರೇ ಎದ್ದು ಓಣಿಯಲ್ಲಿ ನಡೆದು ಹೋದರು.

"ಆಕಿಗೆ ಇವತ್ತು ಮನ್ಯಾಗ ಏನಾಗ್ತೈತೋ," ಎಂದೆ ನಾನು.

"ನಾ ಲ್ಯಾಪ್‌ಟಾಪ್ ರಿಪೇರಿ ಮಾಡಾಂವ," ಎಂದರು.

"ನಿಮಗ ನೋಡಿದ ಕೂಡ್ಲೇ ಗೊತ್ತಾಗಿತ್ತಲ್ಲ. ಮತ್ಯಾಕ ಕೇಳಿದ್ರಿ?"

"ನಾ ಹೇಳಿದ್ರ ಹೌದು ಅಂತಾರ, ಹೋಗ್ತಾರ, ಮತ್ತ ಅದನ್ನ ಮಾಡ್ತಾರ. ತಾವ ಬಾಯಿಬಿಟ್ಟು ಹೇಳಿದವ್ರು ಎರಡನೇ ಸಲ ಅದ ತಪ್ಪಿಗೆ ಬಂದಿಲ್ಲ. ಇಷ್ಟು ವರ್ಷದಾಗ ನೋಡೀನಿ."

ಅವರನ್ನು ಕ್ರೂರಿ ಎಂದರೆ ತಪ್ಪಾಗುವುದಿಲ್ಲ. ಆ ಟೀಚರರನ್ನು ನಾನು ಮತ್ತೆ ನೋಡಲಿಲ್ಲ.

ಮರುವರ್ಷ ದಸರಾ ರಜೆಗೆ ತಂಗಿ ಊರಿಗೆ ಬಂದಳು. ಲ್ಯಾಪ್‌ಟಾಪಿನಲ್ಲಿ ಅವಳ ಮೊದಲ ಕ್ಷೇತ್ರ ವರದಿ ಇತ್ತು: ನಮ್ಮ ಗುಡ್ಡಗಳಲ್ಲೇ ಎರಡು ತಿಂಗಳು ಬಿಸಿಲಲ್ಲಿ ಅಲೆದು ಮಾಡಿದ ನಕಾಶೆಗಳು, ಕಲ್ಲಿನ ಪಟ್ಟಿ, ಚಿತ್ರಗಳು. ರಜೆ ಮುಗಿದ ವಾರ ಅದನ್ನು ಒಪ್ಪಿಸಬೇಕು. ಒಪ್ಪಿಸದಿದ್ದರೆ ಆ ವಿಷಯದಲ್ಲಿ ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನೊಂದು ಪ್ರತಿ ಅವಳು ಎಲ್ಲೂ ಇಟ್ಟಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಅಪ್ಪ, "ನಿನ್ನ ಆಯುಧಾನೂ ಪೂಜಿ ಆಗ್ಲಿ ತಾಯಿ," ಎಂದು ಅದನ್ನು ಗ್ಯಾರೇಜಿಗೆ ತಂದರು. ತಂಗಿ ಮನೆಯಲ್ಲಿ ಅವ್ವನ ಜೊತೆ ಹೋಳಿಗೆ ಮಾಡುತ್ತಿದ್ದಳು. ನಮ್ಮಲ್ಲಿ ಪೂಜೆಗೆ ಮೊದಲು ಎಲ್ಲವನ್ನೂ ಚೊಕ್ಕ ಮಾಡುತ್ತೇವೆ. ಬೋಲ್ಟು ಬಿಚ್ಚುವ ಪಾನಾಗಳನ್ನು ಡೀಸೆಲ್ಲಿನಲ್ಲಿ ತೊಳೆಯುವುದು, ಯಂತ್ರಗಳಿಗೆ ಕಂಪ್ರೆಸರಿನ ಪೈಪಿನಿಂದ ಗಾಳಿ ಹೊಡೆಯುವುದು. ಮೂವತ್ತು ವರ್ಷ ಆ ಪೈಪು ಹಿಡಿದ ಕೈ ಅಪ್ಪನದು. ಲ್ಯಾಪ್‌ಟಾಪನ್ನು ಬೋರಲು ಹಾಕಿ, ಪೈಪಿನ ಮೂತಿಯನ್ನು ಅದರ ಜಾಲರಿಗೆ ಹಿಡಿದರು.

ನಾನು ಪೈಪಿನ ಸುರುಳಿ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದೆ. ಕಂಪ್ರೆಸರಿನ ತೊಟ್ಟಿಯಲ್ಲಿ ಕೂಡಿದ ನೀರನ್ನು ಬೆಳಿಗ್ಗೆ ಬಿಡಬೇಕು. ಹಬ್ಬದ ಗಡಿಬಿಡಿಯಲ್ಲಿ ಅದನ್ನು ಯಾರೂ ಬಿಟ್ಟಿರಲಿಲ್ಲ. ಗಾಳಿ ಬರುವ ಮೊದಲು ಪೈಪು ಎಣ್ಣೆ ಬೆರೆತ ನೀರನ್ನು ಉಗುಳಿತು, ಒಂದು ಚಮಚದಷ್ಟು. ಆಮೇಲೆ ಒಳಗಿನ ಫ್ಯಾನು ಸೀಟಿ ಹೊಡೆದಂತೆ ಕಿರುಚಿತು, ಏನೋ ಮುರಿದ ಸದ್ದಾಯಿತು, ನಿಂತಿತು. ಅಪ್ಪ ಪೈಪು ತೆಗೆದು ಜಾಲರಿಯನ್ನು ನೋಡಿದರು. ನನ್ನನ್ನು ನೋಡಿದರು. ಅಂಗಿಯ ಚುಂಗಿನಿಂದ ತೇವ ಒರೆಸಿ, ಮುಚ್ಚಳದ ಮೇಲೆ ಅರಿಶಿನ ಕುಂಕುಮ ಹಚ್ಚಿ, ಪಾನಾಗಳ ಸಾಲಿನ ಮೊದಲಿಗೆ ಇಟ್ಟರು.

"ಅಪ್ಪ, ಬ್ಯಾಡ" ಎಂದು ನಾನು ಅಂದೆನೆಂದು ನೆನಪು ಮಾಡಿಕೊಳ್ಳಲು ಬಹಳ ಸಲ ಯತ್ನಿಸಿದ್ದೇನೆ. ಅನ್ನಲಿಲ್ಲ.

ಸಂಜೆ ತಂಗಿ ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಚಾರ್ಜರ್ ಹಾಕಲು ಹೋದಾಗ ನಾನು, "ಹಾಕಬ್ಯಾಡ, ಅಂಗಡಿಗೆ ಒಯ್ಯೋಣು," ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಅಪ್ಪ ಪಡಸಾಲೆಯಿಂದಲೇ, "ಹಳೇ ಸಾಮಾನು ಅಂದ್ರ ಹಿಂಗ ಆಗೋದು," ಎಂದರು.

ಹಬ್ಬ ಕಳೆದ ಮೇಲೆ ಮೂವರೂ ಹೋದೆವು. ಅಂಗಡಿಯಲ್ಲಿ ಐದಾರು ಜನರಿದ್ದರು. ಅಂಗಡಿಯವರು ಮುಚ್ಚಳದ ಕುಂಕುಮದ ಕಲೆ ನೋಡಿದರು, ಜಾಲರಿಯನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದರು. ಆಮೇಲೆ ತಂಗಿಯನ್ನು ಕೇಳಿದರು.

"ಏನು ಮಾಡಿದ್ರಿ?"

"ಏನೂ ಮಾಡಿಲ್ರಿ. ಚಾಲೂ ಆಗವಲ್ದು. ಇದ್ರಾಗ ನನ್ನ ರಿಪೋರ್ಟ್ ಐತ್ರಿ, ಸೋಮವಾರ ಕೊಡ್ಬೇಕು."

"ರಿಪೋರ್ಟ್ ಉಳಿದೈತಿ. ನಾಳೆ ಸಂಜಿಗೆ ಕೈಯಾಗ ಕೊಡ್ತೀನಿ. ಏನು ಮಾಡಿದ್ರಿ ಅದನ್ನ ಹೇಳ್ರಿ."

"ದೇವ್ರಾಣಿ ಏನೂ ಮಾಡಿಲ್ರಿ."

ಅವರು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ?"

"ಕೆಟ್ಟ ಸಾಮಾನು ಕೊಟ್ಟು ನಮ್ಮನ್ನ ಕೇಳ್ತೀರಿ?" ಅಪ್ಪ ಎಲ್ಲರಿಗೂ ಕೇಳುವಂತೆ ಅಂದರು. "ಬಡವರ ಹುಡುಗಿ ಅಂತ ಕಟ್ಟಿಬಿಟ್ರಿ. ನಾನೂ ಮೇಸ್ತ್ರಿ ಇದೀನಿ, ನನಗೂ ಯಂತ್ರ ಗೊತ್ತೈತಿ."

ಅಂಗಡಿಯವರು ನನ್ನನ್ನು ನೋಡಿದರು. ನನ್ನನ್ನು ಯಾವಾಗಲೂ ಏಕವಚನದಲ್ಲಿ ಮಾತಾಡಿಸುತ್ತಿದ್ದವರು ಅವತ್ತು, "ನೀವು ಹೇಳ್ರಿ," ಎಂದರು.

ತಂಗಿ ಅಳುತ್ತಿದ್ದಳು. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ಗೋಡೆಯ ಮೇಲಿನ ಚಾರ್ಜರುಗಳನ್ನು ನೋಡುತ್ತಿದ್ದರು. ನಾನು, "ಗೊತ್ತಿಲ್ರಿ ಸಾರ್," ಎಂದೆ.

"ಹಂಗಾದ್ರ ರಿಪೇರಿ ಇಲ್ಲ," ಎಂದರು.

ತಂಗಿ ಕೈ ಮುಗಿದಳು, ಬೈದಳು, ಮತ್ತೆ ಕೈ ಮುಗಿದಳು. "ನಿಮಗ ಹೆಣ್ಣುಮಕ್ಕಳು ಇಲ್ಲೇನ್ರಿ?" ಎಂದಳು. ಅವರು ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಬೆಂಚಿನ ಮೇಲಿದ್ದ ಯಾರೋ ಒಬ್ಬ ಇದನ್ನೆಲ್ಲ ಫೋನಿನಲ್ಲಿ ಹಿಡಿಯುತ್ತಿದ್ದ. ನಾನು ಚೀಲ ಎತ್ತಿಕೊಳ್ಳಲು ಬಗ್ಗಿದಾಗ ಅವರು ನನಗೆ ಮಾತ್ರ ಕೇಳುವಂತೆ ಅಂದರು: "ಅವ್ರು ಮಗಳಿಗೆ ಅಂಜಿದ್ರು. ನೀ ಯಾರಿಗೆ ಅಂಜಿದಿ?"

ಗೊತ್ತಿದ್ದರೂ ಎಲ್ಲರ ಮುಂದೆ ಹೇಳದೆ ಅಂಗಡಿಯವರು ಅಪ್ಪನ ಮಾನ ಉಳಿಸಿದರೆಂದು ಮೊದಮೊದಲು ಅಂದುಕೊಂಡಿದ್ದೆ. ಹಾಗಲ್ಲ. ಅವರು ತಮ್ಮ ಪದ್ಧತಿಯನ್ನು ಉಳಿಸಿಕೊಂಡರು, ಅಷ್ಟೇ. ಒಂದು ಹುಡುಗಿಯ ಎರಡು ತಿಂಗಳ ದುಡಿಮೆ ಅವರ ಬೆರಳ ತುದಿಯಲ್ಲಿತ್ತು. ಅದನ್ನು ಅವರು ವಾಪಸು ಚೀಲಕ್ಕೆ ಹಾಕಿಸಿದರು. ನಾನೂ ಅದನ್ನು ಒಂದು ಮಾತಿನಲ್ಲಿ ಉಳಿಸಬಹುದಾಗಿತ್ತು.

ಬಳ್ಳಾರಿಯ ಬೇರೊಂದು ಅಂಗಡಿಯವನು ಒಳಗೆ ಏನಿದೆಯೆಂದು ನೋಡದೆ ನೇರ ಚಾರ್ಜರ್ ಸಿಕ್ಕಿಸಿದ. ಸುಟ್ಟ ವಾಸನೆ ಬಂತಂತೆ. ಡಿಸ್ಕಿನ ಜೊತೆ ವರದಿಯೂ ಹೋಯಿತು. ಆ ವಿಷಯವನ್ನು ಅವಳು ಮರುವರ್ಷ ಮತ್ತೆ ಓದಿದಳು. ಜೊತೆಯವರಿಗಿಂತ ಒಂದು ವರ್ಷ ತಡವಾಗಿ ಹೊರಬಂದಳು. ಅದೇ ಗುಡ್ಡಗಳನ್ನು ಎರಡನೇ ಸಲ ಹತ್ತಿದಾಗ ನಾನು ಅವಳ ನೀರಿನ ಬಾಟಲಿ ಹೊತ್ತು ಹಿಂದೆ ನಡೆದೆ. ಆಗಲೂ ಹೇಳಲಿಲ್ಲ.

ಫೋನಿನ ಆ ವಿಡಿಯೋ ಅರ್ಧ ನಿಮಿಷದ್ದು. ಅಳುತ್ತ ಕೈ ಮುಗಿಯುವ ಹುಡುಗಿ, ಡಬ್ಬಿ ಮುಚ್ಚುವ ಮನುಷ್ಯ. ಕಾಲೇಜು ಹುಡುಗರ ಗುಂಪುಗಳಲ್ಲಿ ಅದು ಹೊಸಪೇಟೆ, ಬಳ್ಳಾರಿ ಸುತ್ತಿತು. ತಂಗಿ ತನ್ನ ಮಾತನ್ನೂ ಸೇರಿಸಿ ಬರೆದಳು: ಕೆಟ್ಟದ್ದು ಮಾರುತ್ತಾನೆ, ಕೇಳಿದರೆ ನಮ್ಮ ಮೇಲೇ ಹಾಕುತ್ತಾನೆ. ಅವಳು ಬರೆದದ್ದು ಅವಳಿಗೆ ತಿಳಿದ ಮಟ್ಟಿಗೆ ನಿಜವೇ ಆಗಿತ್ತು. ಜೂನ್ ಬಂದಾಗ ಹೊಸ ವಿದ್ಯಾರ್ಥಿಗಳು, ತಂದೆತಾಯಿಗಳು ಆ ಓಣಿಗೆ ಬರಲಿಲ್ಲ.

ನಾನು ಗುರುವಾರಗಳಲ್ಲಿ ಬೇರೆ ದಾರಿಯಿಂದ ಹೋಗತೊಡಗಿದೆ. ಒಂದು ಸಲ ಮಾತ್ರ ಧೈರ್ಯ ಮಾಡಿ ಒಳಗೆ ಹೋದೆ. ಹಳೆಯ ಲ್ಯಾಪ್‌ಟಾಪುಗಳ ಕಪಾಟು ಅರ್ಧ ಖಾಲಿಯಾಗಿತ್ತು. ಅವರು ಫೋನುಗಳಿಗೆ ಗಾಜು ಅಂಟಿಸುವ ಕೆಲಸ ಹಿಡಿದಿದ್ದರು. ಹೇಳಬೇಕೆಂದೇ ಹೋದವನು ನನ್ನ ಫೋನನ್ನು ಮುಂದಿಟ್ಟೆ. ಅವರು ನನ್ನನ್ನು ಗುರುತಿಸಿದರು. ಕೇಳಿದರೆ ಹೇಳಿಬಿಡುತ್ತೇನೆ ಎಂದು ಕಾದೆ. ಅವರು ಗಾಜು ಕೂರಿಸಿ, ಬಟ್ಟೆಯಿಂದ ಒರೆಸಿ, ಒಳಗೆ ಸಿಕ್ಕ ಗುಳ್ಳೆಗಳನ್ನು ಒತ್ತಿ ಒತ್ತಿ ಅಂಚಿಗೆ ದೂಡಿ, ಫೋನು ಕೊಟ್ಟರು. ಗಾಜು ಅಂಟಿಸಲು ಯಾರನ್ನೂ ಏನೂ ಕೇಳಬೇಕಾಗಿಲ್ಲ. ನಾನು ಹೊರಗೆ ಬಂದೆ.

ಕಳೆದ ವರ್ಷ ಅವರು ತೀರಿಕೊಂಡರು. ಎದೆನೋವು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು ಎಂದು ಓಣಿಯ ಚಹಾದಂಗಡಿಯವನು ಹೇಳಿದ. ಅಷ್ಟರಲ್ಲಿ ತಂಗಿ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಭಾನುವಾರ ಮನೆಗೆ ಬಂದಾಗ ಹೇಳಿದೆ.

"ಹೋದ್ನಾ ಆ ಪುಣ್ಯಾತ್ಮ?" ಎಂದಳು. "ಸತ್ತವರಿಗೆ ಏನೂ ಅನ್ಬಾರ್ದು. ಆದ್ರ ನನಗ ಅಯ್ಯೋ ಅನ್ಸಂಗಿಲ್ಲಣ್ಣ."

ಅಪ್ಪ ಅಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದರು. "ಭಾಳ ಕಟುಕ ಇದ್ದ," ಎಂದರು. ಅದನ್ನು ಅವರು ನಂಬಿಯೇ ಹೇಳಿದರು. ಇಷ್ಟು ವರ್ಷಗಳಲ್ಲಿ ಅವರಿಗೆ ಅದೇ ನಿಜವಾಗಿಬಿಟ್ಟಿತ್ತು. ಆಗ ನಾನು ಎಲ್ಲವನ್ನೂ ಹೇಳಿದೆ. ಪೈಪು, ನೀರು, ಫ್ಯಾನಿನ ಸದ್ದು, ನಾನು ನಿಂತಿದ್ದ ಜಾಗ. ತಂಗಿ ಅಪ್ಪನ ಕಡೆ ನೋಡಿದಳು. ಅಪ್ಪ, "ಹಳೇ ಮಾತು, ಬಿಡವ್ವ," ಎಂದು ಶೇಂಗಾ ಸಿಪ್ಪೆಯ ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದರು.

"ನಾ ಅಳೋದನ್ನ ಇಬ್ರೂ ನೋಡ್ಕೋಂತ ನಿಂತಿದ್ರಿ," ಎಂದಳು. ಅವಳ ದನಿ ಏರಲಿಲ್ಲ. ಅಪ್ಪನ ಜೊತೆ ಅವಳು ಮರುದಿನವೇ ಮಾತಾಡಿದಳು. ನನ್ನ ಜೊತೆ ಇಂದಿಗೂ ಕೆಲಸವಿದ್ದಷ್ಟೇ ಮಾತು.

ಮುಂದಿನ ಭಾನುವಾರ ಅಂಗಡಿಯವರ ಮನೆಗೆ ಕರೆದೊಯ್ಯಲು ಅವಳೇ ಹೇಳಿದಳು. ಅವರ ಹೆಂಡತಿ ಬಾಗಿಲು ತೆರೆದು ನಮ್ಮನ್ನು ಕೂರಿಸಿ ನೀರು ಕೊಟ್ಟರು. ತಂಗಿ ಚೊಂಬು ಮುಟ್ಟದೆ, ತಾನು ಯಾರು, ತಾನು ಬರೆದದ್ದೇನು, ನಿಜದಲ್ಲಿ ಏನಾಗಿತ್ತು ಎಂದು ಒಂದೊಂದಾಗಿ ಹೇಳಿದಳು. ನಾನು ನನ್ನ ಪಾಲಿನದನ್ನು ಹೇಳಿದೆ. ಆಕೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ಹಿಂದಿನ ಕೋಣೆಯಲ್ಲಿ ಗೋಡೆಯ ಉದ್ದಕ್ಕೂ, ಅಂಗಡಿಯಿಂದ ತಂದ ಕಪಾಟು ಇಟ್ಟಿದ್ದ ಗುರುತು ಕಾಣುತ್ತಿತ್ತು. ಅಂಗಡಿಯ ಸಾಮಾನನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿದ್ದರು.

"ನಮ್ಮದು ತಪ್ಪಾತ್ರಿ ಅಮ್ಮ," ಎಂದಳು ತಂಗಿ. "ಖರೇ ಏನು ಅಂತ ನಿಮಗ ಹೇಳಿ ಹೋಗ್ಬೇಕಂತ ಬಂದ್ವಿ."

"ಖರೇ ಅವರಿಗೆ ಬೇಕಾಗಿತ್ತಮ್ಮ," ಎಂದರು ಆಕೆ. "ನನಗ ಅಂಗಡಿ ಬೇಕಾಗಿತ್ತು."

ಆಮೇಲೆ ಎದ್ದು, ನಾವು ಕುಡಿಯದ ನೀರನ್ನು ತುಳಸಿಯ ಬುಡಕ್ಕೆ ಹಾಕಿ, "ಬಿಸಿಲಾಗ್ತೈತಿ, ಹೊರಡ್ರಿ," ಎಂದರು.